ಅಫ್ಘಾನ್ ಹೆಣ್ಣುಮಕ್ಕಳ ಓದಿಗೆ 4,200 ಡಾಲರ್: ಎಲ್ಲಿಗೆ ಕೊಡುವುದು, ಹೇಗೆ ಕೊಡುವುದು?

ಮಲ್ಲಿಗೆ ಮೊಗ್ಗು, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ನಾವು ಹನ್ನೊಂದು ಜನ ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಪುಸ್ತಕ ಓದುವುದು ನೆಪ, ಹರಟೆಯೂ ಚಿತ್ರಾನ್ನವೂ ನಿಜ. ಈ ಯುಗಾದಿಗೆ ಹೋಳಿಗೆ ಮಾಡಿ ಮಾರಿದೆವು. ಬಂದ ಹಣಕ್ಕೆ ಕೈಯಿಂದಲೂ ಸೇರಿಸಿ 4,200 ಡಾಲರ್ ಆಗಿದೆ. ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಓದಿಗೆ ಕೊಡೋಣ ಎಂಬಲ್ಲಿಗೆ ನಮ್ಮ ಒಮ್ಮತ ಮುಗಿಯಿತು. ಒಬ್ಬರಿಗೆ ಹಳ್ಳಿಯೊಂದರಲ್ಲಿ ಶಾಲೆ ಕಟ್ಟಿಸಿ ಗೋಡೆಯ ಮೇಲೆ ಗುಂಪಿನ ಹೆಸರು ಬರೆಸುವ ಆಸೆ. ಇನ್ನೊಬ್ಬರಿಗೆ ಲ್ಯಾಪ್‌ಟಾಪ್ ಹಂಚುವ ಹಂಬಲ. ಮೂರನೆಯವರು ಹೆಸರಾಂತ ಸಂಸ್ಥೆಯೊಂದಕ್ಕೆ ಕೊಟ್ಟು ನಿಶ್ಚಿಂತೆಯಾಗಿರೋಣ ಎನ್ನುತ್ತಾರೆ. ಯಾವ ಸಂಸ್ಥೆಯ ಪುಟ ತೆರೆದರೂ 'ಸಮುದಾಯವೇ ಮುನ್ನಡೆಸುವ ಅಭಿವೃದ್ಧಿ' ಎಂಬ ಮಾತು ಕಾಣುತ್ತದೆ. ಅಲ್ಲಿನ ಹಳ್ಳಿಯಲ್ಲಿ ಅದು ನಿಜಕ್ಕೂ ಹೇಗಿರುತ್ತದೆ? ಕಂಡವರಿದ್ದರೆ ಹೇಳಿ.

ನೇರ ಮಾತು, ರಾಯಚೂರು

ಬೇಸರ ಮಾಡಿಕೊಳ್ಳಬೇಡಿ ಅಕ್ಕ, ಆದರೆ ಕೇಳದೆ ಇರಲಾರೆ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲ ಬಂದರೆ ಏಳನೇ ತರಗತಿಯಲ್ಲಿ ಹುಡುಗಿಯರ ಸಾಲು ಖಾಲಿಯಾಗುತ್ತದೆ. ಅವರನ್ನು ದಾಟಿಕೊಂಡು ಕಾಬೂಲಿಗೆ ಹೋಗುವುದು ಯಾಕೆ? ಅಲ್ಲಿ ಆಳುವವರೇ ಓದಬೇಡಿ ಎನ್ನುತ್ತಿದ್ದಾರೆ. ನಿಮ್ಮ ಹೋಳಿಗೆಯ ಹಣ ಯಾರ ಕೈ ಸೇರುತ್ತದೆಂದು ನೋಡಿದವರು ಯಾರು?

ಕೊಡಗಿನ ಕಾಫಿ

ರಾಯಚೂರಿಗೂ ಕೊಡಿ, ಕಾಬೂಲಿಗೂ ಕೊಡಿ. ಹೋಳಿಗೆ ಇನ್ನೊಮ್ಮೆ ಮಾಡಿದರಾಯಿತು.

ಕರಾವಳಿಯವ, ಕುಂದಾಪುರ

ನಾನು 2007ರಿಂದ 2011ರವರೆಗೆ ಹೆರಾತ್‌ನಲ್ಲಿ ಒಂದು ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಕೆಲಸದ ಮೇಲೆ ಪಕ್ಕದ ಘೋರ್ ಪ್ರಾಂತ್ಯಕ್ಕೆ ಹೋಗಿ ಬರಬೇಕಾಗುತ್ತಿತ್ತು. ಪಕ್ಕದ್ದು ಎಂದರೆ ನಕಾಶೆಯಲ್ಲಿ ಪಕ್ಕದ್ದು. ದಾರಿ ಹಿಡಿದರೆ ಬರೀ ಬೆಟ್ಟ. ಹಿಮ ಬಿದ್ದರಂತೂ ಹೋಗುವ ಮಾತೇ ಇಲ್ಲ.

ಶಾಲೆ ಕಟ್ಟಿಸುವ ಯೋಚನೆಯನ್ನು ಮೊದಲು ಬಿಡಿ. ಅಲ್ಲಿ ನಾನು ಕಂಡ ಒಳ್ಳೆಯ ಶಾಲೆಗಳಿಗೆ ಕಟ್ಟಡವೇ ಇರಲಿಲ್ಲ. ಹಳ್ಳಿಯವರು ಒಂದು ಕೋಣೆ ಕೊಡುತ್ತಿದ್ದರು: ಮಸೀದಿಗೆ ಸೇರಿದ್ದು, ಇಲ್ಲವೇ ಅನುಕೂಲಸ್ಥರೊಬ್ಬರ ಮನೆಯಲ್ಲಿ ಅತಿಥಿಗಳಿಗೆಂದು ಇಟ್ಟದ್ದು. ಪಾಠ ಹೇಳುವವರನ್ನೂ ಅವರೇ ಹುಡುಕುತ್ತಿದ್ದರು. ಇರಾನಿನಲ್ಲೋ ಪಾಕಿಸ್ತಾನದಲ್ಲೋ ನಿರಾಶ್ರಿತರಾಗಿದ್ದಾಗ ಎಂಟೋ ಹತ್ತೋ ತರಗತಿ ಓದಿ ಮರಳಿದವರು ಪ್ರತಿ ಹಳ್ಳಿಯಲ್ಲೂ ಒಬ್ಬಿಬ್ಬರು ಸಿಗುತ್ತಿದ್ದರು. ಸಂಸ್ಥೆ ಕೊಡುತ್ತಿದ್ದುದು ಸರ್ಕಾರದ ಪಠ್ಯಪುಸ್ತಕ, ಕರಿಹಲಗೆ, ನೆಲಕ್ಕೆ ಹಾಸಲು ಟಾರ್ಪಾಲು, ಶಿಕ್ಷಕರಿಗೆ ತರಬೇತಿ. ಸಂಬಳ ಕೆಲವೆಡೆ ಸಂಸ್ಥೆಯದು. ಕೆಲವೆಡೆ ಹಳ್ಳಿಯವರು ಗೋಧಿ ಅಳೆದು ಕೊಟ್ಟದ್ದೂ ಉಂಟು. ಅದನ್ನು ಲೆಕ್ಕದ ಯಾವ ಕಾಲಮ್ಮಿಗೆ ಹಾಕುವುದೆಂದು ನಾನು ತಲೆ ಕೆರೆದುಕೊಂಡದ್ದು ಬೇರೆ ಕಥೆ.

ಇದರಿಂದ ಏನಾಯಿತು ಎಂಬುದನ್ನು ಅಳೆದವರಿದ್ದಾರೆ. ಡಾನಾ ಬರ್ಡ್ ಮತ್ತು ಲೀ ಲಿಂಡನ್ ಎಂಬ ಸಂಶೋಧಕರು ಘೋರ್‌ನ 31 ಹಳ್ಳಿಗಳನ್ನು ನೋಡಿದರು. 2007ರಲ್ಲಿ 13 ಹಳ್ಳಿಗಳಿಗೆ ಇಂಥ ಶಾಲೆ ಬಂತು, ಉಳಿದವಕ್ಕೆ ಒಂದು ವರ್ಷ ತಡವಾಗಿ. ಯಾರಿಗೆ ಮೊದಲು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು, ಆದ್ದರಿಂದ ಹೋಲಿಕೆ ಗಟ್ಟಿಯಾಗಿ ನಿಲ್ಲುತ್ತದೆ. ಶಾಲೆಗೆ ಸೇರಿದ ಹೆಣ್ಣುಮಕ್ಕಳ ಪ್ರಮಾಣ ಶಾಲೆ ಬಂದ ಹಳ್ಳಿಗಳಲ್ಲಿ ನೂರಕ್ಕೆ 52ರಷ್ಟು ಮೇಲಿತ್ತು, ಗಂಡುಮಕ್ಕಳದು 35ರಷ್ಟು. ಸೇರ್ಪಡೆಯಲ್ಲಿ ಗಂಡು ಹೆಣ್ಣಿನ ನಡುವೆ ಇದ್ದ ಅಂತರ ಅಳಿಸಿಹೋಯಿತು. ಇನ್ನೊಂದು ಅಂಕಿ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ: ಶಾಲೆ ಒಂದೊಂದು ಮೈಲಿ ದೂರವಾದಂತೆ ಸೇರುವ ಮಕ್ಕಳು ನೂರಕ್ಕೆ 16ರಂತೆ ಕಡಿಮೆಯಾಗುತ್ತಾರೆ. ಹೆಣ್ಣುಮಕ್ಕಳಾದರೆ ಇನ್ನೂ ಹೆಚ್ಚು. ಅಲ್ಲಿಯ ತಂದೆತಾಯಂದಿರಿಗೆ ಓದಿಸುವ ಮನಸ್ಸಿಲ್ಲ ಎಂದು ಪೇಟೆಯ ಕಚೇರಿಯಲ್ಲಿ ಕುಳಿತ ನಮ್ಮಲ್ಲಿ ಅನೇಕರು ನಂಬಿದ್ದೆವು, ನಾನೂ ಸೇರಿ. ಮನಸ್ಸು ಇದ್ದೇ ಇತ್ತು. ಮಗಳನ್ನು ಮೂರು ಮೈಲಿ ಬೆಟ್ಟದ ದಾರಿಯಲ್ಲಿ ಒಬ್ಬಳನ್ನೇ ಕಳುಹಿಸುವ ಧೈರ್ಯ ಇರಲಿಲ್ಲ. ನಿಮಗಿದೆಯೇ?

ಕಲಬುರಗಿ ಟೀಚರ್

ಮೈಲಿಯ ಮಾತು ಕೇಳಿ ನಮ್ಮ ಸೈಕಲ್ ನೆನಪಾಯಿತು. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ಹೈಸ್ಕೂಲಿನ ಮುಂದೆ ಒಮ್ಮೆಗೇ ಹುಡುಗಿಯರ ಸೈಕಲ್ ಸಾಲು ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾವು ಹುಡುಗಿಯನ್ನು ಶಾಲೆಯ ಬಳಿಗೆ ಒಯ್ದೆವು, ಘೋರ್‌ನಲ್ಲಿ ಶಾಲೆಯನ್ನೇ ಹುಡುಗಿಯ ಬಳಿಗೆ ತಂದರು.

ಆದರೆ ಕರಾವಳಿಯವರೇ, 'ಹಳ್ಳಿಯವರು ಕೋಣೆ ಕೊಟ್ಟರು, ಹಳ್ಳಿಯವರು ಶಿಕ್ಷಕರನ್ನು ಆರಿಸಿದರು' ಎನ್ನುತ್ತೀರಲ್ಲ, ಹಳ್ಳಿಯವರು ಎಂದರೆ ಯಾರು? ಇಪ್ಪತ್ತೆರಡು ವರ್ಷಗಳಿಂದ ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಕುಳಿತಿದ್ದೇನೆ. ಪಟ್ಟಿಯಲ್ಲಿ ತಾಯಂದಿರ ಹೆಸರು, ಕುರ್ಚಿಯಲ್ಲಿ ಅವರ ಗಂಡಂದಿರು. ಒಮ್ಮೆ ಒಬ್ಬಾತ ಹೆಂಡತಿಯ ಸಹಿಯನ್ನು ನನ್ನ ಕಣ್ಣೆದುರೇ ಹಾಕಿ, ಪೆನ್ನು ಮರಳಿಸುವಾಗ ಥ್ಯಾಂಕ್ಸ್ ಕೂಡ ಹೇಳಿದ. ಕರ್ನಾಟಕದಲ್ಲೇ ಹೀಗಾದರೆ ಘೋರ್‌ನ ಬೆಟ್ಟದ ಮೇಲೆ ಸಮುದಾಯದ ಬಾಯಿ ಯಾರದು?

ಕರಾವಳಿಯವ, ಕುಂದಾಪುರ

ಹುಣ್ಣಿನ ಮೇಲೇ ಬೆರಳಿಟ್ಟಿರಿ ಟೀಚರ್. ಬಾಯಿ ಗಂಡಸರದೇ. ಊರಿನ ಹಿರಿಯರ ಸಭೆಗೆ ಶೂರಾ ಎನ್ನುತ್ತಾರೆ. ಗಡ್ಡ ನೆರೆತವರು, ಮುಲ್ಲಾ, ಭೂಮಿ ಇರುವವರು ಕೂರುತ್ತಾರೆ. ಹಸಿರು ಚಹಾ ಬರುತ್ತದೆ, ಮಾತು ಗಂಟೆಗಟ್ಟಲೆ ಸಾಗುತ್ತದೆ.

2003ರಲ್ಲಿ ಅಲ್ಲಿನ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ರಾಷ್ಟ್ರೀಯ ಒಗ್ಗಟ್ಟು ಯೋಜನೆ ಆರಂಭಿಸಿತು. ದರಿ ಭಾಷೆಯಲ್ಲಿ ಹಂಬಸ್ತಗಿ ಎನ್ನುತ್ತಿದ್ದರು. ಪ್ರತಿ ಹಳ್ಳಿ ಗುಟ್ಟಿನ ಮತದಾನದಿಂದ ತನ್ನದೊಂದು ಮಂಡಳಿ ಆರಿಸಿಕೊಳ್ಳಬೇಕು. ಮನೆಗೆ 200 ಡಾಲರ್ ಲೆಕ್ಕದಲ್ಲಿ, ಹಳ್ಳಿಗೆ ಹೆಚ್ಚೆಂದರೆ 60,000 ಡಾಲರ್. ಬಾವಿಯೋ ರಸ್ತೆಯೋ ಶಾಲೆಯೋ ಊರವರೇ ನಿರ್ಧರಿಸಬೇಕು. ಹೆಂಗಸರಿಗೂ ಅದರಲ್ಲಿ ಪಾಲು ಇರಬೇಕೆಂಬ ನಿಯಮವಿತ್ತು. ಗಂಡಸರ ಜೊತೆ ಕೂರಲಾಗದ ಕಡೆ ಹೆಂಗಸರದ್ದೇ ಬೇರೆ ಮಂಡಳಿ. ಕಾಗದದ ಮೇಲೆ ಮಾತ್ರ ಇದ್ದ ಮಂಡಳಿಗಳನ್ನು ನಾನೇ ಕಂಡಿದ್ದೇನೆ. ನಿಮ್ಮ ಪೆನ್ನಿನವನ ಅಣ್ಣತಮ್ಮಂದಿರು ಅಲ್ಲಿಯೂ ಧಾರಾಳ.

ಆದರೂ ಒಂದು ಹಳ್ಳಿಯ ವಿಷಯ ಹೇಳುತ್ತೇನೆ. ಶೂರಾದವರು ಹರಿರೂದ್ ನದಿಗೆ ಸೇರುವ ಒಂದು ತೊರೆಯ ಆಚೆ ದೊಡ್ಡ ಕೋಣೆಯೊಂದನ್ನು ಶಾಲೆಗೆ ಕೊಟ್ಟರು. ಸುಣ್ಣ ಬಳಿದು ಕಿಟಕಿಗೆ ಗಾಜನ್ನೂ ಹಾಕಿಸಿದ್ದರು. ಎರಡು ವಾರವಾದರೂ ಬಂದದ್ದು ಆರು ಹುಡುಗಿಯರು. ನಮ್ಮ ಕಚೇರಿಯಲ್ಲಿ ಹೆರಾತ್‌ನವಳೇ ಒಬ್ಬಳು ಸಹೋದ್ಯೋಗಿ ಇದ್ದಳು, ಅಣ್ಣನನ್ನು ಜೊತೆಗಿಟ್ಟುಕೊಂಡೇ ಪ್ರವಾಸ ಬರುತ್ತಿದ್ದಳು. ನಾವು ಗಂಡಸರು ಹೊರಗೆ ಚಹಾ ಕುಡಿಯುತ್ತಿದ್ದಾಗ ಅವಳು ಮನೆಗಳ ಒಳಗೆ ಹೋಗಿ ತಾಯಂದಿರ ಜೊತೆ ಕುಳಿತಳು. ಹೊರಬಂದು ಹೇಳಿದ್ದು ಒಂದೇ ಮಾತು: "ನಾಯಿಗಳು." ತೊರೆ ದಾಟುವ ಜಾಗದಲ್ಲಿ ಕುರಿಗಾಹಿಗಳ ನಾಯಿಗಳಿದ್ದವು. ಕರುವಿನ ಗಾತ್ರದ ನಾಯಿಗಳು. ಶೂರಾದ ಹಿರಿಯರಿಗೆ ಅದು ಹೊಳೆದೇ ಇರಲಿಲ್ಲ, ಅವರು ಕೋಲು ಹಿಡಿದು ಓಡಾಡುವವರು. ಮರುವಾರ ಮುಲ್ಲಾನ ಮನೆಯಲ್ಲೇ ಈಚೆ ದಡದ ಸಣ್ಣ ಕೋಣೆಗೆ ಶಾಲೆ ಬಂತು. ಪಾಠ ಹೇಳಿದವಳು ಅವನ ಸೊಸೆ. ಕಿಟಕಿಗೆ ಗಾಜಿಲ್ಲ, ಸುಣ್ಣವಿಲ್ಲ, ಮಕ್ಕಳು ಇಪ್ಪತ್ತೇಳು.

ಹಾಗಾಗಿ ಮಲ್ಲಿಗೆಯವರೇ, ನೀವು ಯಾವ ಸಂಸ್ಥೆಗೆ ಕೊಟ್ಟರೂ ಈ ಒಂದು ಪ್ರಶ್ನೆ ಕೇಳಿ: ನಿಮ್ಮವರಲ್ಲಿ ಮನೆಯೊಳಗೆ ಹೋಗಿ ಕೂರಬಲ್ಲ ಹೆಂಗಸರು ಎಷ್ಟು ಮಂದಿ, ಈಗಲೂ ಇದ್ದಾರೆಯೇ? 'ಈಗಲೂ' ಎಂಬುದಕ್ಕೆ ಕಾರಣವಿದೆ. 2022ರ ಡಿಸೆಂಬರ್ 24ರಂದು ತಾಲಿಬಾನ್ ಸರ್ಕಾರೇತರ ಸಂಸ್ಥೆಗಳಲ್ಲಿ ಅಫ್ಘಾನ್ ಹೆಂಗಸರು ಕೆಲಸ ಮಾಡಬಾರದೆಂದು ಆಜ್ಞೆ ಹೊರಡಿಸಿತು. ಅದಾದ ಮೇಲೆ ಯಾರು ಹೇಗೆ ದಾರಿ ಕಂಡುಕೊಂಡರು ಎಂಬುದರಲ್ಲೇ ಸಂಸ್ಥೆಯ ಬೆಲೆ ತಿಳಿಯುತ್ತದೆ.

ನೇರ ಮಾತು, ರಾಯಚೂರು

ನಾಯಿಯ ಕಥೆ ಚೆನ್ನಾಗಿದೆ. ಆದರೆ ಅದು ಹದಿನೈದು ವರ್ಷ ಹಿಂದಿನ ಮಾತು. ಈಗಿನದ್ದು ಹೇಳಿ.

ಮೈಸೂರಿನ ಮನೆಮಾಲಕಿ

ಈಗಿನದ್ದು ನಾನು ಹೇಳುತ್ತೇನೆ, ದೂರದಿಂದ ಕೇಳಿದಷ್ಟು. ಮಾನಸಗಂಗೋತ್ರಿಗೆ ಓದಲು ಬರುವ ಅಫ್ಘಾನ್ ಮಕ್ಕಳನ್ನು ಮೈಸೂರಿನವರು ಬಲ್ಲರು. ನಮ್ಮ ಮೇಲಿನ ಮನೆಯಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗಿದ್ದರು. ನನ್ನನ್ನು ಖಾಲಾ ಎನ್ನುತ್ತಿದ್ದರು, ಚಿಕ್ಕಮ್ಮ ಎಂದು ಅರ್ಥ. ನಮ್ಮ ಅನ್ನಕ್ಕೆ ಎಣ್ಣೆ ಕಡಿಮೆ, ಒಣದ್ರಾಕ್ಷಿ ಇಲ್ಲವೇ ಇಲ್ಲ ಎಂಬುದು ಅವರ ದೂರು. 2021ರ ಆಗಸ್ಟ್ 15ರಂದು, ನಾವು ಬೆಳಿಗ್ಗೆ ಧ್ವಜ ಹಾರಿಸಿ ಬಂದ ದಿನವೇ, ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಇಬ್ಬರೂ ರಾತ್ರಿಯಿಡೀ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂತಿದ್ದರು. ನಾನು ಚಹಾ ಕೊಟ್ಟೆ. ಬೇರೇನು ಮಾಡಬಹುದೆಂದು ತೋಚಲಿಲ್ಲ.

ಆ ಸೆಪ್ಟೆಂಬರ್‌ನಲ್ಲಿ ಗಂಡುಮಕ್ಕಳ ಪ್ರೌಢಶಾಲೆಗಳು ಮಾತ್ರ ತೆರೆದವು. 2022ರ ಮಾರ್ಚ್ 23ರಂದು ಹೆಣ್ಣುಮಕ್ಕಳಿಗೂ ತೆರೆಯುತ್ತೇವೆಂದರು. ಹುಡುಗಿಯರು ಕಪ್ಪು ಬಿಳುಪು ಸಮವಸ್ತ್ರ ತೊಟ್ಟು ಹೋಗಿ ಕೂತ ಮೇಲೆ, ಕೆಲವೇ ಗಂಟೆಗಳಲ್ಲಿ, ಮನೆಗೆ ಹೋಗಿ ಎಂದರು. ಆ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ಸೂಲಗಿತ್ತಿ ತರಬೇತಿ, ನರ್ಸಿಂಗ್ ಕೂಡ. ಆರನೇ ತರಗತಿಯವರೆಗೆ ಮಾತ್ರ ಹುಡುಗಿಯರು ಓದಬಹುದು. ಹೀಗೆ ತಡೆಹಿಡಿಯಲ್ಪಟ್ಟ ಹುಡುಗಿಯರು 22 ಲಕ್ಷ ಎಂದು ಯುನಿಸೆಫ್ 2025ರ ಮಾರ್ಚ್‌ನಲ್ಲಿ ಲೆಕ್ಕ ಕೊಟ್ಟಿತು.

ನಮ್ಮ ಹುಡುಗಿಯರಲ್ಲೊಬ್ಬಳ ತಂಗಿ ಆರನೇ ತರಗತಿಯ ಪರೀಕ್ಷೆಯಲ್ಲಿ ಬೇಕೆಂದೇ ಫೇಲಾದಳು. ಇನ್ನೊಂದು ವರ್ಷ ಶಾಲೆಗೆ ಹೋಗಬಹುದಲ್ಲ ಎಂದು. ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಮಗು ಖಾಲಿ ಹಾಳೆ ಕೊಟ್ಟು ಬಂದಿದೆ. ಅವಳ ತಾಯಿ ಈಗ ಮನೆಯ ಹಿಂದಿನ ಕೋಣೆಯಲ್ಲಿ ಕಸೂತಿ ಕಲಿಸುತ್ತಾರೆ. ಕಸೂತಿಯೂ ಕಲಿಸುತ್ತಾರೆ ಎನ್ನುವುದು ಸರಿ. ಊರಿನ ಹೆಸರು ಬರೆಯುವುದಿಲ್ಲ.

ಮಲ್ಲಿಗೆ ಮೊಗ್ಗು, ನ್ಯೂಜೆರ್ಸಿ

ಓದಿ ಸುಮ್ಮನೆ ಕುಳಿತೆ. ಮೈಸೂರಿನ ಅಮ್ಮಾ, ಆ ತಾಯಿಗೇ ನೇರವಾಗಿ ಕಳುಹಿಸಬಹುದೇ? ತಿಂಗಳಿಗೊಮ್ಮೆ ಮಕ್ಕಳ ಫೋಟೋ, ಒಂದು ಸಣ್ಣ ವೀಡಿಯೊ ಕಳುಹಿಸಿದರೆ ನಮ್ಮ ಗುಂಪಿನವರಿಗೂ ಉತ್ಸಾಹ ಇರುತ್ತದೆ.

ಕರಾವಳಿಯವ, ಕುಂದಾಪುರ

ದಯವಿಟ್ಟು ಬೇಡ. ಫೋಟೋ ಬೇಡ, ವೀಡಿಯೊ ಬೇಡ, ಗುಂಪಿನ ಹೆಸರಿನ ಫಲಕ ಬೇಡ. ಗಡುಸಾಗಿ ಹೇಳುತ್ತಿದ್ದೇನೆ, ಕ್ಷಮಿಸಿ.

ತಾಲಿಬಾನ್ ಮೊದಲ ಸಲ ಆಳಿದ 1996ರಿಂದ 2001ರವರೆಗೂ ಮನೆಶಾಲೆಗಳಿದ್ದವು. ಸಕೀನಾ ಯಾಕೂಬಿ ಎಂಬ ಅಫ್ಘಾನ್ ಮಹಿಳೆ ಕಟ್ಟಿದ ಸಂಸ್ಥೆಯೊಂದೇ ಗುಟ್ಟಾಗಿ 80 ಮನೆಶಾಲೆಗಳಿಗೆ ಬೆಂಬಲ ಕೊಟ್ಟು 3,000 ಹುಡುಗಿಯರಿಗೆ ಓದಿಸಿತು. ಹೆರಾತ್‌ನಲ್ಲಿ ಹೊಲಿಗೆ ಶಾಲೆ ಎಂಬ ಹೆಸರಿನಡಿ ಹೆಂಗಸರು ಸಾಹಿತ್ಯ ಓದುತ್ತಿದ್ದರು; ಹೊರಗೆ ಮಕ್ಕಳು ಆಡುತ್ತಾ ಕಾವಲು ಕಾಯುತ್ತಿದ್ದರು. ಇವೆಲ್ಲ ಬದುಕಿದ್ದು ಯಾರೂ ಫೋಟೋ ತೆಗೆಯದೆ ಇದ್ದುದರಿಂದ. ಅಕ್ಕಪಕ್ಕದವರಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಸಮುದಾಯದ ಬೆಂಬಲ ಎಂದು ನಾವು ವರದಿಗಳಲ್ಲಿ ಬರೆಯುವುದರಲ್ಲಿ ಅರ್ಧ ಪಾಲು ಇಂಥ ಮೌನವೇ.

ಶಾಲೆಗೆ ಹೋಗುವ ಹುಡುಗಿಯ ಮೇಲೆ ಕಣ್ಣಿಟ್ಟವರು ಸರ್ಕಾರದ ಕುರ್ಚಿಯಲ್ಲಿರುವವರಷ್ಟೇ ಅಲ್ಲ. 2008ರ ನವೆಂಬರ್‌ನಲ್ಲಿ ಕಂದಹಾರ್‌ನಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದವರ ಮುಖಕ್ಕೆ ಆಸಿಡ್ ಎರಚಿದರು. 2021ರ ಮೇ 8ರಂದು ಕಾಬೂಲಿನ ದಶ್ತ್-ಎ-ಬರ್ಚಿಯಲ್ಲಿ ಸೈಯದುಲ್ ಶುಹದಾ ಶಾಲೆಯ ಬಾಗಿಲಲ್ಲಿ ಬಾಂಬ್ ಸಿಡಿದು 80ಕ್ಕೂ ಹೆಚ್ಚು ಮಂದಿ ಸತ್ತರು, ಬಹುತೇಕ ಹುಡುಗಿಯರು. ಅದೇ ಬಡಾವಣೆಯಲ್ಲಿ 2022ರ ಸೆಪ್ಟೆಂಬರ್ 30ರಂದು ಕಾಜ್ ಎಂಬ ಕೋಚಿಂಗ್ ಕೇಂದ್ರದಲ್ಲಿ ಪ್ರವೇಶ ಪರೀಕ್ಷೆಯ ತಾಲೀಮು ಬರೆಯುತ್ತಿದ್ದವರ ನಡುವೆ ಇನ್ನೊಂದು.

ಆ ತಾಯಿಗೆ ನೇರವಾಗಿ ಹಣ ಹೋದರೆ, ನ್ಯೂಜೆರ್ಸಿಯಿಂದ ಹಣ ಬರುವ ಮನೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ನಿಮ್ಮ ಉತ್ಸಾಹದ ಬೆಲೆಯನ್ನು ಅವರು ತೆರಬಾರದು.

ಮಲ್ಲಿಗೆ ಮೊಗ್ಗು, ನ್ಯೂಜೆರ್ಸಿ

ಅರ್ಥವಾಯಿತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಲೆಕ್ಕದ ಪುಸ್ತಕ, ಬೆಂಗಳೂರು

ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ಊರಿನ ಟ್ರಸ್ಟ್ ಮೂಲಕ ಕಳುಹಿಸೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ವಿದೇಶಿ ದೇಣಿಗೆ ಭಾರತದ ಟ್ರಸ್ಟಿಗೆ ಬರಬೇಕಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಬೇಕು; ಆ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗದು. ನೀವಿರುವ ಅಮೆರಿಕದಲ್ಲೇ ನೋಂದಾಯಿಸಿದ ಸಂಸ್ಥೆಗೆ ಕೊಡುವುದು ಸಲೀಸು. ಅವು ವರ್ಷವರ್ಷ ಸಲ್ಲಿಸುವ ಫಾರಂ 990 ಎಲ್ಲರಿಗೂ ತೆರೆದಿರುತ್ತದೆ. ಅದರಲ್ಲಿ ಕಾರ್ಯಕ್ರಮಕ್ಕೆ ಎಷ್ಟು, ಕಚೇರಿಗೆ ಎಷ್ಟು ನೋಡಿ; ಆದರೆ ಕಚೇರಿಯ ಖರ್ಚು ಕಡಿಮೆ ಎಂದಾಕ್ಷಣ ಮರುಳಾಗಬೇಡಿ. ಯುದ್ಧ ಕಂಡ ದೇಶದಲ್ಲಿ ಹಣ ತಲುಪಿತೇ ಎಂದು ಪರಿಶೀಲಿಸಲೂ ಜನ ಬೇಕು, ಅವರಿಗೂ ಸಂಬಳ ಬೇಕು.

ತಾಲಿಬಾನ್ ಮೇಲಿನ ಆರ್ಥಿಕ ನಿರ್ಬಂಧಗಳ ಬಗ್ಗೆ: 2022ರ ಫೆಬ್ರುವರಿಯಲ್ಲಿ ಅಮೆರಿಕದ ಖಜಾನೆ ಇಲಾಖೆ ಸಾಮಾನ್ಯ ಪರವಾನಗಿ 20 ಎಂಬುದನ್ನು ಹೊರಡಿಸಿ ಅಫ್ಘಾನಿಸ್ತಾನದೊಂದಿಗೆ ಬಹುತೇಕ ವ್ಯವಹಾರಗಳಿಗೆ ಅವಕಾಶ ಕೊಟ್ಟಿತು. ಕಾಗದದಲ್ಲಿ ದಾರಿ ಇದೆ. ಬ್ಯಾಂಕುಗಳು ಮಾತ್ರ ಆ ದೇಶದ ಹೆಸರು ಕೇಳಿದರೇ ಬೆಚ್ಚುತ್ತವೆ.

ಕಲಬುರಗಿ ಟೀಚರ್

ನೇರ ಮಾತು ಅವರೇ, 'ನಮ್ಮವರನ್ನು ದಾಟಿ ಹೋಗುವುದು ಯಾಕೆ' ಎಂದಿರಲ್ಲ, ಅದಕ್ಕೆ ಉತ್ತರ ಕೊಡದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಖ್ಯಾ ಎಂಬ, ಹಳ್ಳಿಯ ಹೆಂಗಸರ ಶಿಕ್ಷಣದ ಸರ್ಕಾರಿ ಯೋಜನೆ ಶುರುವಾಯಿತು. ಬೀದರ್, ಬಿಜಾಪುರದ ಕಡೆಯ ದಲಿತ ಕೂಲಿ ಹೆಂಗಸರು ಸಂಘ ಕಟ್ಟಿಕೊಂಡದ್ದು, ತಮಗೆ ಏನು ಕಲಿಯಬೇಕೆಂದು ತಾವೇ ಹೇಳಿದ್ದು ಅಲ್ಲಿ. ನನ್ನ ತಾಯಿ ನಲವತ್ತು ದಾಟಿದ ಮೇಲೆ ಸಹಿ ಕಲಿತದ್ದು ಅಂಥ ಸಂಘದಲ್ಲೇ. ಮಗಳು ಶಿಕ್ಷಕಿಯಾಗಬೇಕೆಂದು ಹಟ ಹಿಡಿದದ್ದೂ ಅಲ್ಲಿಂದ ಬಂದ ಧೈರ್ಯದಿಂದ. ಆ ಯೋಜನೆಗೆ ಮೊದಮೊದಲು ಹಣ ಎಲ್ಲಿಂದ ಬಂತು ಗೊತ್ತೇ? ನೆದರ್ಲೆಂಡ್ಸ್ ಸರ್ಕಾರದಿಂದ. 'ನಮ್ಮ ದೇಶದಲ್ಲೇ ಬಡವರಿದ್ದಾರೆ, ಬೀದರ್ ಯಾಕೆ' ಎಂದು ಡಚ್ಚರು ಅಂದಿದ್ದರೆ ನಾನು ಈಗ ನಿಮ್ಮ ಹತ್ತಿ ಹೊಲದಲ್ಲಿರುತ್ತಿದ್ದೆ.

ನೇರ ಮಾತು, ರಾಯಚೂರು

ಟೀಚರ್, ಮಹಿಳಾ ಸಮಖ್ಯಾಗೆ ವಿದೇಶಿ ಹಣ ಇತ್ತೆಂಬುದು ತಿಳಿದಿರಲಿಲ್ಲ. ಆ ವಾದ ಬಿಟ್ಟೆ. ಆದರೆ ಇನ್ನೊಂದು ವಾದ ಇದೆ, ಇದಕ್ಕೆ ಸುಲಭದ ಉತ್ತರ ಸಿಗಲಾರದು. ಹಳ್ಳಿಯ ಶಾಲೆ ಆರನೆಯವರೆಗೆ. ಹುಡುಗಿಗೆ ಓದುವ ರುಚಿ ಹತ್ತಿಸಿ ಹನ್ನೆರಡನೇ ವಯಸ್ಸಿಗೆ ಮನೆಗೆ ಕಳುಹಿಸುವುದಕ್ಕೆ ನಿಮ್ಮ ಹಣ. ಇದು ಆಳುವವರಿಗೇ ಅನುಕೂಲವಲ್ಲವೇ? ಅವರ ಶಾಲೆಯ ಖರ್ಚನ್ನು ನೀವು ಭರಿಸುತ್ತೀರಿ, ನಿಷೇಧ ಮಾತ್ರ ಅವರದು. ಸಮುದಾಯಕ್ಕೆ ಅಷ್ಟು ಶಕ್ತಿ ಇದ್ದರೆ ಏಳನೇ ತರಗತಿ ತೆರೆಯಿಸಲಿ ನೋಡೋಣ.

ಕರಾವಳಿಯವ, ಕುಂದಾಪುರ

ತೆರೆಯಿಸಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಪಕ್ತಿಯಾ ಪ್ರಾಂತ್ಯದಲ್ಲಿ. ಅದು ಪಶ್ತೂನ್ ಬುಡಕಟ್ಟುಗಳ ನಾಡು. ತಾಲಿಬಾನಿಗಳಲ್ಲೂ ಹೆಚ್ಚಿನವರು ಪಶ್ತೂನರೇ. ಬುಡಕಟ್ಟಿನ ಹಿರಿಯರು ಹೇಳಿದರು, ಸ್ಥಳೀಯ ಅಧಿಕಾರಿಗಳು ಕಣ್ಣು ಮುಚ್ಚಿದರು, ಗಾರ್ದೇಜ್‌ನಲ್ಲಿ ನಾಲ್ಕು ಮತ್ತು ಸಮ್ಕನಿಯಲ್ಲಿ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆದವು. ಕೆಲವು ದಿನ ನಡೆದವು. ಮೇಲಿನಿಂದ ಆಜ್ಞೆ ಬಂತು, ಮುಚ್ಚಿದರು. ಹುಡುಗಿಯರು ಗಾರ್ದೇಜ್‌ನ ಬೀದಿಗಿಳಿದು ಕೂಗಿದರು. ಅಷ್ಟೇ.

ನಿಮ್ಮ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಹಳ್ಳಿ ಕೋಣೆ ಕೊಡಬಲ್ಲದು, ಶಿಕ್ಷಕಿಯನ್ನು ಕಾಯಬಲ್ಲದು, ಕಂದಹಾರದಲ್ಲಿ ಕೂತ ತಾಲಿಬಾನ್ ನಾಯಕನ ಫರ್ಮಾನನ್ನು ತಿದ್ದಲಾರದು. ಇನ್ನೊಂದು ಉದಾಹರಣೆ ಕೊಡುತ್ತೇನೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸ್ವೀಡಿಷ್ ಕಮಿಟಿ ಫಾರ್ ಅಫ್ಘಾನಿಸ್ತಾನ್ ಎಂಬ ಸಂಸ್ಥೆ 1980ರ ದಶಕದಿಂದ ಅಲ್ಲಿತ್ತು. ಸೋವಿಯತ್ ಸೇನೆ, ಅಂತರ್ಯುದ್ಧ, ಮೊದಲ ತಾಲಿಬಾನ್, ಅಮೆರಿಕನ್ನರು, ಎಲ್ಲರ ಕಾಲದಲ್ಲೂ ಹಳ್ಳಿಗಳ ವಿಶ್ವಾಸದಿಂದ ಉಳಿದುಕೊಂಡಿತ್ತು. 2023ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಯಾರೋ ಒಬ್ಬ ಕುರಾನ್ ಸುಟ್ಟ. ಸ್ವೀಡನ್ನಿನ ಎಲ್ಲ ಚಟುವಟಿಕೆ ನಿಲ್ಲಬೇಕೆಂದು ತಾಲಿಬಾನ್ ಹೇಳಿತು. 2024ರ ಮಾರ್ಚ್‌ನಲ್ಲಿ ಆ ಸಂಸ್ಥೆ ತನ್ನ ಕೆಲಸ ನಿಲ್ಲಿಸಬೇಕಾಯಿತು. ನಲವತ್ತು ವರ್ಷದ ನಂಬಿಕೆ ಎಲ್ಲೋ ಹಚ್ಚಿದ ಒಂದು ಬೆಂಕಿಕಡ್ಡಿಗೆ ಹೋಯಿತು.

ಅದೇ 2023ರಲ್ಲಿ ಹಳ್ಳಿಶಾಲೆಗಳಿಂದ ಅಂತರರಾಷ್ಟ್ರೀಯ ಸಂಸ್ಥೆಗಳು ಹೊರಹೋಗಬೇಕು, ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಬೇಕೆಂಬ ಸುದ್ದಿಯೂ ಬಂತು. ಐದು ಲಕ್ಷ ಮಕ್ಕಳು, ಅದರಲ್ಲಿ ಮೂರು ಲಕ್ಷ ಹುಡುಗಿಯರು, ಓದು ಕಳೆದುಕೊಳ್ಳಬಹುದೆಂದು ಯುನಿಸೆಫ್ ಆಗ ಎಚ್ಚರಿಸಿತ್ತು. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಹೊಡೆತ ಒಂದೇ ಕಡೆಯಿಂದ ಬೀಳುತ್ತಿಲ್ಲ ಎಂದು ಹೇಳಲು ಇದನ್ನು ಬರೆದೆ.

ಮೈಸೂರಿನ ಮನೆಮಾಲಕಿ

ನೇರ ಮಾತು ಅವರ ಪ್ರಶ್ನೆಯನ್ನು ನಮ್ಮ ಹುಡುಗಿಗೆ ಕಳುಹಿಸಿ ಕೇಳಿದೆ. ಅವಳು ಈಗ ಬೇರೊಂದು ದೇಶದಲ್ಲಿದ್ದಾಳೆ. ಅವಳ ಉತ್ತರವನ್ನು ಕನ್ನಡಕ್ಕೆ ಇಳಿಸಿದ್ದೇನೆ:

"ಖಾಲಾ, ಅವರು ಸರಿಯಾಗಿಯೇ ಕೇಳಿದ್ದಾರೆ. ನನ್ನ ತಾಯಿ ಓದಿದ್ದು ಐದನೇ ತರಗತಿ, ಅದೂ ನಿರಾಶ್ರಿತರ ಶಿಬಿರದಲ್ಲಿ. ಆ ಐದನೇ ತರಗತಿ ಇಲ್ಲದಿದ್ದರೆ ಈಗ ಅವರ ಕೋಣೆಯಲ್ಲಿ ಕಸೂತಿ ಮಾತ್ರ ಇರುತ್ತಿತ್ತು."

ಅವಳು ಇನ್ನೊಂದು ಮಾತನ್ನೂ ಹೇಳಿದಳು. ಲ್ಯಾಪ್‌ಟಾಪ್ ಹಂಚುವವರು 2025ರ ಸೆಪ್ಟೆಂಬರ್ ಕೊನೆಯನ್ನು ಮರೆಯಬಾರದಂತೆ. ಆಗ ಎರಡು ದಿನ ಇಡೀ ದೇಶದ ಇಂಟರ್ನೆಟ್ ಕಡಿದಿದ್ದರು. ತಾಯಿಯ ದನಿ ಕೇಳದೆ ಅವಳು ಆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹಳ್ಳಿಯ ಕಡೆ ರೇಡಿಯೊ ಮೇಲು ಎನ್ನುತ್ತಾಳೆ. ಕಾಬೂಲಿನಲ್ಲಿ ಹೆಂಗಸರೇ ನಡೆಸುವ ರೇಡಿಯೊ ಬೇಗಂ ಎಂಬುದು ಶಾಲೆಯ ಪಾಠಗಳನ್ನು ಬಿತ್ತರಿಸುತ್ತದೆ. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿ, ಮತ್ತೆ ಬಿಟ್ಟರು.

ಕೊಡಗಿನ ಕಾಫಿ

ಮೊದಲು ತಮಾಷೆ ಮಾಡಿದ್ದಕ್ಕೆ ನಾಚಿಕೆಯಾಗುತ್ತಿದೆ. ಹೋಳಿಗೆಗೆ ಮುಂದಿನ ಸಲ ನನ್ನದೂ ಒಂದು ಪಾಲು ಸೇರಿಸಿ.

ಲೆಕ್ಕದ ಪುಸ್ತಕ, ಬೆಂಗಳೂರು

ಅಂಕಿ ಬಿಟ್ಟು ಇರಲಾರೆ. 2022ರ ಜನವರಿ, ಫೆಬ್ರುವರಿಯಲ್ಲಿ ಯುನಿಸೆಫ್ ಅಲ್ಲಿನ ಸರ್ಕಾರಿ ಶಾಲೆಗಳ ಸುಮಾರು 1,94,000 ಶಿಕ್ಷಕರಿಗೆ ತಿಂಗಳಿಗೆ ನೂರು ಡಾಲರ್ ಸಮಾನ ಹಣ ಕೊಟ್ಟಿತ್ತು. ಅದನ್ನೇ ಅಳತೆಯಾಗಿಟ್ಟುಕೊಂಡರೆ 4,200 ಡಾಲರ್ ಒಬ್ಬ ಶಿಕ್ಷಕಿಯ ಮೂರೂವರೆ ವರ್ಷದ ಸಂಬಳ. ಪುಸ್ತಕ, ತರಬೇತಿ, ಮೇಲ್ವಿಚಾರಣೆ ಸೇರಿದರೆ ಎರಡು ವರ್ಷವೆಂದು ಹಿಡಿಯಿರಿ. ಕಟ್ಟಡಕ್ಕೆ ಹಾಕಿದರೆ ಇದೇ ಹಣ ತಳಪಾಯದಲ್ಲೇ ಮುಗಿಯುತ್ತದೆ.

ಕಲಬುರಗಿ ಟೀಚರ್

ಎರಡು ವರ್ಷದ ಸಂಬಳ ಎಂದರೆ ಎರಡು ವರ್ಷವಾದ ಮೇಲೆ? ಹೊರಗಿನ ಹಣ ನಿಂತ ದಿನ ಏನಾಗುತ್ತದೆಂದು ನಾವು ಕಂಡಿದ್ದೇವೆ. ಮಹಿಳಾ ಸಮಖ್ಯಾಕ್ಕೆ ಕೇಂದ್ರದ ಹಣ ನಿಂತಾಗ ಕಾರ್ಯಕರ್ತೆಯರು ಬೇರೆ ಕೆಲಸ ಹುಡುಕಿಕೊಂಡು ಹೋದರು. ನಮ್ಮ ತಾಯಿಯ ಸಂಘ ಮಾತ್ರ ಉಳಿಯಿತು, ಅಮಾವಾಸ್ಯೆಗೊಮ್ಮೆ ಸೇರುತ್ತಾರೆ. ಅವರು ಯಾರ ಸಂಬಳಕ್ಕೂ ಕಾದಿರಲಿಲ್ಲ, ಅದಕ್ಕೇ ಇರಬೇಕು. ಮಲ್ಲಿಗೆ, ಒಂದೇ ಸಲ ಕೊಡಬೇಡಿ ಕಣಮ್ಮ. ವರ್ಷಕ್ಕಿಷ್ಟು ಎಂದು ಕೊಡಿ. ಮಧ್ಯೆ ಇನ್ನಷ್ಟು ಕೂಡಿಸಿ.

ಮಲ್ಲಿಗೆ ಮೊಗ್ಗು, ನ್ಯೂಜೆರ್ಸಿ

ನಿನ್ನೆ ನಮ್ಮ ಸಭೆ ನಡೆಯಿತು. ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ, ಎರಡು ಸಲ ದನಿ ಕಟ್ಟಿತು. ತೀರ್ಮಾನ ಹೀಗಾಯಿತು. ಕಟ್ಟಡವಿಲ್ಲ, ಫಲಕವಿಲ್ಲ, ಲ್ಯಾಪ್‌ಟಾಪ್ ಇಲ್ಲ. ಅಫ್ಘಾನ್ ಹೆಂಗಸರೇ ಕಟ್ಟಿದ, ಇಲ್ಲಿ ನೋಂದಣಿ ಇರುವ ಒಂದು ಸಂಸ್ಥೆಯ ಹಳ್ಳಿ ತರಗತಿಗಳಿಗೆ ಮೂರು ವರ್ಷಗಳಲ್ಲಿ ಹಂಚಿ ಕೊಡುತ್ತೇವೆ. ಎಲ್ಲಿ ಖರ್ಚು ಮಾಡಬೇಕೆಂದು ನಾವು ಹೇಳುವುದಿಲ್ಲ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಕಾರಣ ಕರಾವಳಿಯವರಿಗೆ ಗೊತ್ತು. ನಮ್ಮಲ್ಲಿ ಇಬ್ಬರು ಈಗಲೂ ಫೋಟೋ ಇಲ್ಲದ ದಾನಕ್ಕೆ ಒಪ್ಪಿಲ್ಲ. ಅವರ ಪಾಲಿನ 500 ಡಾಲರ್‌ಅನ್ನು ರಾಯಚೂರಿಗೆ ಕೊಡುವುದೆಂದಾಯಿತು. ನೇರ ಮಾತು ಅವರೇ, ಹತ್ತಿ ಬಿಡಿಸುವ ಕಾಲದಲ್ಲಿ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಲು ಏನು ಬೇಕು?

ಆ ಸಂಸ್ಥೆಯವರಿಗೆ ನಾಯಿಯ ಪ್ರಶ್ನೆಯನ್ನೂ ಕೇಳಿದೆ, ಮನೆಯೊಳಗೆ ಹೋಗಬಲ್ಲ ಹೆಂಗಸರು ಇದ್ದಾರೆಯೇ ಎಂದು. ಫೋನಿನಲ್ಲಿ ಆ ಕಡೆಯಾಕೆ ನಕ್ಕು, "ನಾನೇ ಹೋಗುತ್ತಿದ್ದೆ" ಎಂದರು. ಈಗ ಅವರ ಅತ್ತಿಗೆ ಹೋಗುತ್ತಾರಂತೆ.

ನೇರ ಮಾತು, ರಾಯಚೂರು

ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ 500 ಡಾಲರ್ ಬಗ್ಗೆ ನಾನೊಬ್ಬನೇ ಹೇಳಿದರೆ ನಾನೂ ಪೆನ್ನಿನವನೇ ಆಗುತ್ತೇನೆ. ಭಾನುವಾರ ಊರಿನ ತಾಯಂದಿರನ್ನು ಕೇಳಲು ನನ್ನ ಹೆಂಡತಿ ಹೋಗುತ್ತಾಳೆ. ಆಮೇಲೆ ಬರೆಯುತ್ತೇನೆ.

ಕರಾವಳಿಯವ, ಕುಂದಾಪುರ

ಮಲ್ಲಿಗೆಯವರೇ, ಒಂದು ಕೇಳುವುದು ಮರೆತಿದ್ದೆ. ಆ ಸಂಸ್ಥೆಯ ಬಜೆಟ್ಟಿನಲ್ಲಿ ಚಳಿಗಾಲದ ಬುಖಾರಿಗೆ, ಅಂದರೆ ಕೋಣೆ ಬೆಚ್ಚಗಿಡುವ ಒಲೆಗೆ, ಸೌದೆಯ ಖರ್ಚು ಸೇರಿಸಿದ್ದಾರೆಯೇ ನೋಡಿ. ಹಳ್ಳಿಯವರು ಕೋಣೆ ಕೊಡುತ್ತಾರೆ, ಸೌದೆ ಕೇಳಲು ಶಿಕ್ಷಕಿಗೆ ಸಂಕೋಚ.